ಕೊಳವೆಗೆ ಪೇಟೆಂಟ್ ಕೊಡಿ, ಆದರೆ ಅಳತೆ ಕೇಳಿ ಕೊಡಿ

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೆಮ್ಮೆಯಿಂದ ಒಂದು ಲೆಕ್ಕ ಒಪ್ಪಿಸಿತು. ಒಂದೇ ವರ್ಷದಲ್ಲಿ ಒಂದು ಲಕ್ಷ ಪೇಟೆಂಟ್. ಅದರ ಹಿಂದಿನ ಹಣಕಾಸು ವರ್ಷದಲ್ಲಿ ಕೊಟ್ಟದ್ದು 34 ಸಾವಿರದ ಆಸುಪಾಸು. ಅದೇ ತಿಂಗಳು ಹೊರಬಿದ್ದ ಪೇಟೆಂಟ್ ತಿದ್ದುಪಡಿ ನಿಯಮಗಳು, ಪೇಟೆಂಟ್ ಕೊಡುವ ಮುನ್ನವೇ ತಕರಾರು ಎತ್ತುವವರ ಮೇಲೆ ಶುಲ್ಕ ಹೇರಿದವು. ಆ ತಕರಾರು ವಿಚಾರಣೆಗೆ ಯೋಗ್ಯವೇ ಎಂದು ಪೇಟೆಂಟ್ ಕಂಟ್ರೋಲರ್ ಮೊದಲು ತೀರ್ಮಾನಿಸಬೇಕು ಎಂಬ ಹೊಸ ಬಾಗಿಲನ್ನೂ ಇಟ್ಟವು. ಕೊಡುವ ಕೈ ಚುರುಕಾಯಿತು, ಕೇಳುವ ಬಾಯಿಗೆ ಸುಂಕ ಬಿತ್ತು.

ಈ ನಿಯಮಗಳ ವಿರುದ್ಧ ಎದ್ದ ಕೂಗು ಬಹುಪಾಲು ಔಷಧಗಳ ಕುರಿತದ್ದು. ಅದು ನ್ಯಾಯವೇ. ಆದರೆ ಆಸ್ಪತ್ರೆಯಲ್ಲಿ ರೋಗಿಯ ಮೈಗೆ ತಾಗುವುದು ಮಾತ್ರೆ ಒಂದೇ ಅಲ್ಲ. ಎಂಡೋಸ್ಕೋಪಿನ ಕೊಳವೆಯೂ ತಾಗುತ್ತದೆ, ಮೈಯೊಳಗೇ ಹೋಗಿ ಬರುತ್ತದೆ. ಅದರ ಪೇಟೆಂಟ್ ಅರ್ಜಿಯನ್ನು ಹೇಗೆ ಪರೀಕ್ಷಿಸುತ್ತಾರೆ ಎಂದು ಕೇಳುವವರು ತೀರ ಕಡಿಮೆ. ನನ್ನ ವಾದ ಇಷ್ಟೇ: ಇಂಥ ಉಪಕರಣಕ್ಕೆ ಪೇಟೆಂಟ್ ಕೇಳುವವರು ತಾವು ಹೇಳಿಕೊಳ್ಳುವ ಸುಧಾರಣೆಯನ್ನು ಅಳೆದು ತೋರಿಸಬೇಕು. ತೋರಿಸದವರಿಗೆ 20 ವರ್ಷಗಳ ಏಕಸ್ವಾಮ್ಯ ಕೊಡಬಾರದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಇರುವುದನ್ನು ಗಟ್ಟಿಯಾಗಿ ಬಳಸಿದರೆ ಸಾಕು.

ಹೊಟ್ಟೆಗೆ ಪೈಪು ಬಿಟ್ಟು ನೋಡಿದರು ಎಂದು ನಮ್ಮ ಜನ ಹೇಳುತ್ತಾರಲ್ಲ, ಆ ಪೈಪು ಒಂದು ಪದರದ್ದಲ್ಲ. ಒಳಗೆ ಸುರುಳಿ ಸುತ್ತಿದ ತೆಳು ಲೋಹದ ಪಟ್ಟಿ, ಅದರ ಮೇಲೆ ಸ್ಟೀಲ್ ಎಳೆಗಳಿಂದ ಹೆಣೆದ ಬಲೆ, ಅದರ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ಈ ಕವಚದೊಳಗೆ ಬೆಳಕಿನ ಎಳೆಗಳು, ಗಾಳಿ ಮತ್ತು ನೀರಿನ ನಾಳ, ಚಿಮುಟ ತೂರಿಸುವ ನಾಳ, ತುದಿಯನ್ನು ಬಾಗಿಸುವ ತಂತಿಗಳು. ದೊಡ್ಡ ಕರುಳಿನ ಸ್ಕೋಪಾದರೆ ಒಳಗೆ ಹೋಗುವ ಭಾಗವೇ ಸುಮಾರು ಒಂದೂವರೆ ಮೀಟರ್ ಉದ್ದ, ದಪ್ಪ ಹನ್ನೆರಡು ಹದಿಮೂರು ಮಿಲಿಮೀಟರ್. ವೈದ್ಯರು ಹೊರಗೆ ಮಣಿಕಟ್ಟು ತಿರುಗಿಸಿದರೆ ಒಳಗೆ ತುದಿ ಅಷ್ಟೇ ತಿರುಗಬೇಕು. ತಳ್ಳಿದರೆ ನಡುವೆ ಮಡಿಚಿಕೊಳ್ಳಬಾರದು. ಕರುಳಿನ ತಿರುವು ಬಂದಾಗ ಬಳುಕಬೇಕು. ಗಡುಸಾದರೆ ಕರುಳಿಗೆ ಪೆಟ್ಟು. ಮೆತ್ತಗಾದರೆ ಒಳಗೇ ಲೂಪ್ ಬಿದ್ದು ರೋಗಿಗೆ ನೋವು. ಒಂದನ್ನು ಹೆಚ್ಚಿಸಲು ಹೋದರೆ ಇನ್ನೊಂದು ಕುಗ್ಗುತ್ತದೆ. ಹಾಗಾಗಿ ಕೊಳವೆ ವಿನ್ಯಾಸ ಮಾಡುವವರ ಬಹುಪಾಲು ಕೆಲಸ ಈ ಮೂರರ ನಡುವಿನ ಹೊಂದಾಣಿಕೆ: ಬಲೆಯ ಎಳೆ ಎಷ್ಟು ಓರೆಯಾಗಿರಬೇಕು, ಪಟ್ಟಿ ಎಷ್ಟು ದಪ್ಪ, ಲೋಹದ ಕೊಳವೆಯಲ್ಲಿ ಕೊರೆದ ಸೀಳುಗಳ ನಡುವೆ ಎಷ್ಟು ಅಂತರ, ಹೊದಿಕೆ ಎಲ್ಲಿಂದ ಮೆತ್ತಗಾಗಬೇಕು.

ಪೇಟೆಂಟ್ ಅರ್ಜಿಗಳು ಹುಟ್ಟುವುದು ಇಲ್ಲೇ. ಅರ್ಜಿಯಲ್ಲಿ ‘ಇಷ್ಟು ನನ್ನದು’ ಎಂದು ಗೆರೆ ಎಳೆಯುವ ಭಾಗಕ್ಕೆ ಕ್ಲೇಮು ಎನ್ನುತ್ತಾರೆ. ಕೊಳವೆಯ ಕ್ಲೇಮುಗಳ ಭಾಷೆಯನ್ನು ಒಮ್ಮೆ ನೋಡಬೇಕು. ‘ಸಾಕಷ್ಟು ಬಳುಕುವ’ ಮೊದಲ ಭಾಗ, ‘ಹೆಚ್ಚು ಗಡುಸಾದ’ ಎರಡನೆಯ ಭಾಗ, ತಿರುಚು ಬಲವನ್ನು ‘ಪರಿಣಾಮಕಾರಿಯಾಗಿ’ ಸಾಗಿಸುವಂತೆ ರಚಿಸಲಾದ ಬಲೆ. ಎಷ್ಟು ಎಂದರೆ ಸಾಕಷ್ಟು? ಯಾವುದಕ್ಕಿಂತ ಹೆಚ್ಚು? ಗುಣವಾಚಕಗಳ ಈ ಗೆರೆ ರಬ್ಬರಿನ ಹಾಗೆ. ಅರ್ಜಿ ಉಳಿಸಿಕೊಳ್ಳುವಾಗ ಕುಗ್ಗುತ್ತದೆ, ಪೈಪೋಟಿದಾರನ ಮೇಲೆ ದಾವೆ ಹೂಡುವಾಗ ಹಿಗ್ಗುತ್ತದೆ. ಇನ್ನೊಂದು ಜಾಣತನವೂ ಇದೆ. ನಮ್ಮ ಕಾಯ್ದೆಯ ಕಲಂ 3(ಐ) ಪ್ರಕಾರ ಶಸ್ತ್ರಚಿಕಿತ್ಸೆಯ ವಿಧಾನಕ್ಕೆ, ರೋಗ ಪತ್ತೆಯ ವಿಧಾನಕ್ಕೆ ಪೇಟೆಂಟ್ ಇಲ್ಲ. ಆದ್ದರಿಂದ ವೈದ್ಯರ ಕೈಚಳಕವನ್ನೇ ಉಪಕರಣದ ಗುಣವೆಂಬಂತೆ ಬರೆದರಾಯಿತು. ಹೀಗೆ ತಳ್ಳುತ್ತಾ ಹೀಗೆ ತಿರುಗಿಸಬೇಕು ಎಂಬುದು, ‘ತಳ್ಳುವಾಗ ತಿರುಗಿಸಲು ಅನುವಾಗುವಂತೆ ರಚಿಸಲಾದ ಕೊಳವೆ’ ಆಗಿಬಿಡುತ್ತದೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪರೀಕ್ಷೆಯಲ್ಲಿ ಇದೆಲ್ಲ ಪಾಸಾಗುತ್ತದೆ. ಆದರೆ 1970ರ ಪೇಟೆಂಟ್ ಕಾಯ್ದೆ ಅಂಥ ಪರೀಕ್ಷೆಯನ್ನು ಬಯಸಿಲ್ಲ. ಕಲಂ 2(1)(ಜೆಎ) ಪ್ರಕಾರ ಶೋಧನೆಯಲ್ಲಿ ಗೊತ್ತಿದ್ದ ಜ್ಞಾನಕ್ಕಿಂತ ತಾಂತ್ರಿಕ ಮುನ್ನಡೆ ಅಥವಾ ಆರ್ಥಿಕ ಮಹತ್ವ ಇರಬೇಕು, ಜೊತೆಗೆ ಅದು ಆ ಕಸುಬಿನಲ್ಲಿ ನುರಿತವನಿಗೆ ಸಹಜವಾಗಿ ಹೊಳೆಯುವಂಥದ್ದಾಗಿರಬಾರದು. ಕಲಂ 3(ಎಫ್) ಪ್ರಕಾರ, ಗೊತ್ತಿರುವ ಸಾಧನಗಳು ತಮ್ಮ ತಮ್ಮ ಕೆಲಸವನ್ನು ಗೊತ್ತಿರುವ ರೀತಿಯಲ್ಲೇ ಮಾಡುತ್ತಿದ್ದರೆ, ಅವನ್ನು ಬರೀ ಜೋಡಿಸಿದ್ದು ಅಥವಾ ಮರುಜೋಡಿಸಿದ್ದು ಶೋಧನೆಯಲ್ಲ. ಕಲಂ 10 ಪೂರ್ಣ ವಿವರಣೆಯನ್ನೂ ಸ್ಪಷ್ಟವಾದ ಕ್ಲೇಮುಗಳನ್ನೂ ಕೇಳುತ್ತದೆ. ಕೊಳವೆಯ ಅರ್ಜಿಗೆ ಕೇಳಬೇಕಾದ ಪ್ರಶ್ನೆಗಳೆಲ್ಲ ಈ ಮೂರು ಕಲಮುಗಳಲ್ಲೇ ಇವೆ.

ಸುಪ್ರೀಂ ಕೋರ್ಟು ಈ ದಾರಿಯನ್ನು ಎಂದೋ ತೋರಿಸಿದೆ. ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಪ್ರಕರಣದಲ್ಲಿ 1978ರಲ್ಲಿ ಅದರ ಮುಂದಿದ್ದದ್ದು, ಪಾತ್ರೆಗಳನ್ನು ಲೇತಿಗೆ ಸಿಕ್ಕಿಸಿ ಕಡೆಯುವಾಗ ಹಿಡಿದಿಡುವ ಒಂದು ಸಾಧನದ ಪೇಟೆಂಟ್. ನ್ಯಾಯಾಲಯ ಅದನ್ನು ಊರ್ಜಿತವೆಂದು ಒಪ್ಪಲಿಲ್ಲ. ಬಹುಕಾಲದಿಂದ ಬಳಕೆಯಲ್ಲಿದ್ದ ತಂತ್ರವನ್ನು ಅಲ್ಪಸ್ವಲ್ಪ ಬದಲಿಸಿ ಪಾತ್ರೆಗೆ ಅಳವಡಿಸಿದ್ದು ಶೋಧನೆಯಾಗದು, ಕಾರ್ಖಾನೆಯಲ್ಲಿ ಸಹಜವಾಗಿ ಆಗುವ ಸುಧಾರಣೆಗಿಂತ ಮಿಗಿಲಾದದ್ದು ಬೇಕು ಎಂಬುದು ಅದರ ತಾತ್ಪರ್ಯ. ಪಾತ್ರೆಯ ಲೇತಿಗೆ ಹಿಡಿದ ಒರೆಗಲ್ಲನ್ನು ಕರುಳಿಗೆ ಇಳಿಯುವ ಕೊಳವೆಗೆ ಹಿಡಿಯಲು ಹಿಂಜರಿಯುವುದೇಕೆ?

ಕೊಳವೆಯಲ್ಲಿ ಶೋಧನೆಗೆ ಜಾಗವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಎಂಡೋಸ್ಕೋಪಿನ ಚರಿತ್ರೆಯೇ ಅದಕ್ಕೆ ಸಾಕ್ಷಿ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ, ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಸೇರಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದೆಂದು 1954ರಲ್ಲಿ ತೋರಿಸಿದರು. ಆದರೆ ಎಳೆಗೆ ಎಳೆ ತಾಗಿದಲ್ಲಿ ಬೆಳಕು ಸೋರುತ್ತಿತ್ತು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ಕರ್ಟಿಸ್ ಪ್ರತಿ ಎಳೆಗೂ ಬೇರೆ ಬಗೆಯ ಗಾಜಿನ ಕವಚ ತೊಡಿಸಿ ಸೋರಿಕೆ ನಿಲ್ಲಿಸಿದ. ಅದರಿಂದಲೇ 1957ರಲ್ಲಿ ಬೇಸಿಲ್ ಹಿರ್ಷೊವಿಟ್ಜ್ ಹೊಟ್ಟೆಯೊಳಗೆ ಇಣುಕುವ ಬಳುಕುವ ಸ್ಕೋಪ್ ಬಳಕೆಗೆ ತರಲು ಸಾಧ್ಯವಾಯಿತು. ಇದು ಶೋಧನೆ. ಏಕೆಂದರೆ ಮೊದಲು ಎಷ್ಟು ಬೆಳಕು ಬರುತ್ತಿತ್ತು, ಆಮೇಲೆ ಎಷ್ಟು ಬಂತು ಎಂಬುದನ್ನು ಅಳೆಯಬಹುದಿತ್ತು. ನಿಜವಾದ ಶೋಧಕ ಅಳತೆಗೆ ಹೆದರುವುದಿಲ್ಲ.

ಔಷಧದ ವಿಷಯದಲ್ಲಿ ಈ ಅಳತೆಯನ್ನು ನಾವು ಕೇಳಿಯೇ ಕೇಳುತ್ತೇವೆ. ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ ಪೇಟೆಂಟ್ ಬೇಕಾದರೆ ಪರಿಣಾಮ ಹೆಚ್ಚಿರುವುದನ್ನು ತೋರಿಸಬೇಕು ಎನ್ನುತ್ತದೆ ಕಲಂ 3(ಡಿ). ಅದರ ಬಲದ ಮೇಲೆ 2013ರ ಏಪ್ರಿಲ್ 1ರಂದು ನೊವಾರ್ಟಿಸ್ ಕಂಪನಿಯ ಕ್ಯಾನ್ಸರ್ ಮದ್ದು ಗ್ಲಿವೆಕ್‌ನ ಅರ್ಜಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. 2023ರ ಮಾರ್ಚ್‌ನಲ್ಲಿ ಕ್ಷಯದ ಮದ್ದು ಬೆಡಾಕ್ವಿಲಿನ್ ಮೇಲೆ ಜಾನ್ಸನ್ ಆ್ಯಂಡ್ ಜಾನ್ಸನ್ ಕೇಳಿದ್ದ ಎರಡನೆಯ ಸುತ್ತಿನ ಪೇಟೆಂಟನ್ನು ಪೇಟೆಂಟ್ ಕಚೇರಿ ತಿರಸ್ಕರಿಸಿತು. ಅಲ್ಲಿ ತಕರಾರು ಎತ್ತಿದವರಲ್ಲಿ ಕ್ಷಯವನ್ನು ಗೆದ್ದ ನಂದಿತಾ ವೆಂಕಟೇಶನ್ ಮತ್ತು ಫುಮೆಜಾ ಟಿಸಿಲೆ ಇದ್ದರು. ರೋಗಿಗಳೇ ಎದ್ದು ನಿಂತಾಗ ಕಾನೂನಿಗೆ ಹಲ್ಲು ಬರುತ್ತದೆ. ಕೊಳವೆಯ ಅರ್ಜಿಗೆ ಅಂಥ ತಕರಾರುದಾರರಿಲ್ಲ. ಮಾತ್ರೆಯ ಹೆಸರು ರೋಗಿಗೆ ಗೊತ್ತಿರುತ್ತದೆ. ಅರೆ ಎಚ್ಚರದಲ್ಲಿ ಮಲಗಿದ್ದವನಿಗೆ ಒಳಹೋದ ಕೊಳವೆ ಯಾರದ್ದೆಂದು ಗೊತ್ತಿರುವುದಿಲ್ಲ.

ಹೇಳಿಕೆಗೂ ಅಳತೆಗೂ ನಡುವಿನ ಕಂದರ ಎಷ್ಟು ಆಳವಿರಬಹುದು ಎಂಬುದಕ್ಕೆ ಅಮೆರಿಕದ ಡ್ಯುವೊಡೆನೊಸ್ಕೋಪ್ ಪ್ರಕರಣ ಸಾಕು. ಪಿತ್ತನಾಳದ ಕಲ್ಲು ತೆಗೆಯಲು ಬಳಸುವ ಈ ಸ್ಕೋಪಿನ ತುದಿಯಲ್ಲಿ ಉಪಕರಣವನ್ನು ಎತ್ತಿಕೊಡುವ ಒಂದು ಪುಟ್ಟ ಮೆಟ್ಟಿಲಿದೆ, ಅದನ್ನು ಎಳೆಯುವ ತಂತಿಗೆ ನಾಳವಿದೆ. ಒಲಿಂಪಸ್ ಕಂಪನಿ 2010ರಲ್ಲಿ ಮಾರುಕಟ್ಟೆಗೆ ತಂದ ಮಾದರಿಯಲ್ಲಿ ಆ ನಾಳವನ್ನು ಸೀಲ್ ಮಾಡಿತ್ತು. ಒಳಗೆ ಕೊಳೆ ಹೋಗುವುದಿಲ್ಲ, ತೊಳೆಯುವ ತಾಪತ್ರಯವಿಲ್ಲ ಎಂಬ ಎಣಿಕೆ. ಆದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಆ ಸಂದುಗಳಲ್ಲಿ ಮನೆ ಮಾಡಿತು. 2012ರಿಂದ 2015ರವರೆಗೆ ಡ್ಯುವೊಡೆನೊಸ್ಕೋಪುಗಳಿಂದ ಕನಿಷ್ಠ 25 ಕಡೆ ಸೋಂಕು ಹಬ್ಬಿ, ಕನಿಷ್ಠ 250 ರೋಗಿಗಳಿಗೆ ತಗುಲಿತೆಂದು ಅಮೆರಿಕದ ಸೆನೆಟ್ ಸಮಿತಿಯ ವರದಿ 2016ರಲ್ಲಿ ಹೇಳಿತು. ಸೋಂಕಿನ ವರದಿಗಳನ್ನು ನಿಯಮದಂತೆ ಸಲ್ಲಿಸದ ತಪ್ಪನ್ನು ಒಪ್ಪಿಕೊಂಡ ಕಂಪನಿ 2018ರಲ್ಲಿ 8.5 ಕೋಟಿ ಡಾಲರ್ ತೆತ್ತಿತು.

ಇಲ್ಲಿ ಯಾರಾದರೂ ತಡೆದು ಕೇಳಬಹುದು: ಸುರಕ್ಷತೆ ನೋಡುವುದು ಪೇಟೆಂಟ್ ಕಚೇರಿಯ ಕೆಲಸವೇ? ಅಲ್ಲ. ಅದಕ್ಕೆ 2017ರ ವೈದ್ಯಕೀಯ ಉಪಕರಣ ನಿಯಮಗಳಿವೆ, ಔಷಧ ನಿಯಂತ್ರಕರಿದ್ದಾರೆ. ಆದರೆ ‘ತೊಳೆಯಲು ಸುಲಭ’ ಎಂಬುದನ್ನೇ ತಾಂತ್ರಿಕ ಮುನ್ನಡೆ ಎಂದು ತೋರಿಸಿ ಏಕಸ್ವಾಮ್ಯ ಕೇಳಿದರೆ, ಆ ಮುನ್ನಡೆ ಇದೆಯೇ ಎಂದು ನೋಡುವುದು ಪರೀಕ್ಷಕನ ಕೆಲಸವೇ. ಸುರಕ್ಷಿತವೇ ಎಂದು ಅವನು ಕೇಳಬೇಕಿಲ್ಲ. ನೀವು ಹೇಳಿದ್ದು ನಿಜವೇ ಎಂದು ಕೇಳಿದರೆ ಸಾಕು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಪೇಟೆಂಟ್ ಅರ್ಜಿಗಳು ವರ್ಷಗಟ್ಟಲೆ ಕೊಳೆಯುತ್ತಿದ್ದ ಕಾಲದಲ್ಲಿ ನಮ್ಮ ಸಣ್ಣ ಉದ್ಯಮಿಗಳೇ ನಲುಗಿದ್ದರು, ಈಗ ವೇಗ ಬಂದಾಗ ಏಕೆ ಕೊಂಕು ಎನ್ನುತ್ತಾರೆ. ವೇಗ ಬೇಕು, ಒಪ್ಪಿದೆ. ಆದರೆ ಎಂಡೋಸ್ಕೋಪಿನ ಮಾರುಕಟ್ಟೆಯನ್ನು ನೋಡಿ. ಜಠರ ಮತ್ತು ಕರುಳಿನ ಸ್ಕೋಪುಗಳಲ್ಲಿ ಜಗತ್ತಿನ ಸುಮಾರು ಶೇ 70ರಷ್ಟು ಒಂದೇ ಕಂಪನಿಯ ಪಾಲು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕಡಿಮೆ ಬೆಲೆಯ ಸ್ಕೋಪ್ ಮಾಡಲು ಹೊರಟ ಯುವ ಎಂಜಿನಿಯರನ ಅರ್ಜಿ ಚೆನ್ನೈ ಕಚೇರಿಯಲ್ಲಿ ಬೇಗ ಪಾಸಾಗಬಹುದು. ಆದರೆ ಅದೇ ವೇಗದಲ್ಲಿ ದೊಡ್ಡವರ ನೂರು ಅರ್ಜಿಗಳೂ ಪಾಸಾಗಿ, ಬಲೆಯ ಓರೆ, ಸೀಳಿನ ಅಂತರ, ಹೊದಿಕೆಯ ಮೆತ್ತನೆ ಎಲ್ಲವೂ ಒಬ್ಬೊಬ್ಬರ ಪಾಲಾಗಿದ್ದರೆ, ಅವನು ಕೊಳವೆ ಮಾಡುವ ಮುನ್ನ ವಕೀಲರ ಮನೆ ಬಾಗಿಲು ಕಾಯಬೇಕು. ಪೇಟೆಂಟ್ ಮೇಲ್ಮನವಿಗಳನ್ನು ಕೇಳುತ್ತಿದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯನ್ನು 2021ರಲ್ಲೇ ಮುಚ್ಚಿದ್ದಾರೆ. ಪೇಟೆಂಟ್ ಪ್ರಕಟವಾಗಿ ಒಂದು ವರ್ಷ ಕಳೆದ ಮೇಲೆ ರದ್ದು ಕೋರಲು ಉಳಿಯುವುದು ಹೈಕೋರ್ಟು, ಅದರ ಖರ್ಚು. ಸಡಿಲ ಪರೀಕ್ಷೆಯ ಬೆಲೆ ತೆರುವವನು ಚಿಕ್ಕವನೇ.

ಮೂರನೆಯದು, ತಕರಾರಿನ ದುರ್ಬಳಕೆ. ಬೇನಾಮಿ ಹೆಸರಿನಲ್ಲಿ ಒಂದರ ಮೇಲೊಂದು ತಕರಾರು ಹಾಕಿ ಅರ್ಜಿಯನ್ನು ವರ್ಷಗಟ್ಟಲೆ ತೂಗಿಸುವವರಿದ್ದಾರೆ ಎಂಬುದು ಸುಳ್ಳಲ್ಲ. ನ್ಯಾಯಾಲಯಗಳೂ ಅದನ್ನು ಖಂಡಿಸಿವೆ. ಪರೀಕ್ಷೆಯೇ ಬೇರೆ, ತಕರಾರೇ ಬೇರೆ, ತಕರಾರುದಾರನಿಗೆ ಪರೀಕ್ಷೆಯಲ್ಲಿ ಪಾಲಿಲ್ಲ ಎಂದು ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2024ರ ಜನವರಿಯಲ್ಲಿ ನೊವಾರ್ಟಿಸ್ ಮತ್ತು ನ್ಯಾಟ್ಕೋ ನಡುವಿನ ಪ್ರಕರಣದಲ್ಲಿ ಹೇಳಿತು. ಹಾಗಿದ್ದರೆ ಪರೀಕ್ಷೆ ತನ್ನ ಕಾಲ ಮೇಲೆ ತಾನೇ ಗಟ್ಟಿಯಾಗಿ ನಿಲ್ಲಬೇಕಲ್ಲವೇ? ಹೊರಗಿನವರ ಕಣ್ಣಿಗೆ ಬಾಗಿಲು ಕಿರಿದಾಗಿಸಿ, ಒಳಗಿನವರ ಕಣ್ಣಿಗೆ ವರ್ಷಕ್ಕೆ ಲಕ್ಷದ ಗುರಿ ಕಟ್ಟಿದರೆ ನೋಡುವವರು ಯಾರು? ಕಳ್ಳ ತಕರಾರುದಾರನಿಗೆ ದಂಡ ಹಾಕಿ. ಅವನ ನೆಪದಲ್ಲಿ ಎಲ್ಲರ ಮೇಲೂ ಶುಲ್ಕ ಹೇರಬೇಡಿ.

ಆಗಬೇಕಾದ್ದು ಏನು? ಮೊದಲನೆಯದಾಗಿ, ಉಪಕರಣದ ಅರ್ಜಿಗೆ ಕೊಡುವ ಮೊದಲ ಪರೀಕ್ಷಾ ವರದಿಯಲ್ಲೇ ಮೂರು ಪ್ರಶ್ನೆ ಕಡ್ಡಾಯವಾಗಲಿ. ನಿಮ್ಮದಕ್ಕೆ ತೀರ ಹತ್ತಿರವಿರುವ ಹಳೆಯ ಕೊಳವೆ ಯಾವುದು? ಅದಕ್ಕಿಂತ ನಿಮ್ಮದು ಯಾವ ಗುಣದಲ್ಲಿ ಬೇರೆ? ಆ ಗುಣವನ್ನು ಹೇಗೆ ಅಳೆದಿರಿ, ಎಷ್ಟು ಬಂತು? ಹೊರಗೆ ತೊಂಬತ್ತು ಡಿಗ್ರಿ ತಿರುಗಿಸಿದಾಗ ತುದಿ ಎಷ್ಟು ಡಿಗ್ರಿ ತಿರುಗಿತು, ಎಷ್ಟು ಬಾಗಿದಾಗ ಕೊಳವೆ ಮಡಿಚಿತು ಎಂಬುದನ್ನು ಅಳೆಯಲು ದೊಡ್ಡ ಪ್ರಯೋಗಾಲಯ ಬೇಡ. ಕೊಳವೆ ಮಾಡಿದವನ ಬಳಿ ಈ ಅಂಕಿ ಇರಲೇಬೇಕು. ಇಲ್ಲದಿದ್ದರೆ ಅವನು ಕೊಳವೆ ಮಾಡಿಲ್ಲ, ಚಿತ್ರ ಬರೆದಿದ್ದಾನೆ.

ಎರಡನೆಯದಾಗಿ, ‘ಸಾಕಷ್ಟು’, ‘ಗಣನೀಯ’ ಎಂಬ ಕ್ಲೇಮುಗಳಿಗೆ ಅಂಕಿಯ ಮಿತಿ ಹಾಕಿಸಿ, ಇಲ್ಲವೇ ಕಲಂ 10ರಡಿ ವಾಪಸು ಕಳಿಸಿ. ಮೂರನೆಯದಾಗಿ, ಸರ್ಕಾರಿ ಆಸ್ಪತ್ರೆ, ವೈದ್ಯಕೀಯ ಕಾಲೇಜು, ರೋಗಿಗಳ ಸಂಘಟನೆಗಳಿಗೆ ತಕರಾರಿನ ಶುಲ್ಕ ಪೂರ್ತಿ ಮನ್ನಾ ಆಗಲಿ. ಕಲಂ 25(1) ‘ಯಾವುದೇ ವ್ಯಕ್ತಿ’ಗೆ ಕೊಟ್ಟಿರುವ ಹಕ್ಕನ್ನು ನಿಯಮದ ಹಿಂಬಾಗಿಲಿನಿಂದ ಮೊಟಕುಗೊಳಿಸುವುದು ಸಲ್ಲದು.

ಕೊನೆಯ ಮಾತು ವೈದ್ಯರಿಗೆ. ಭಾರತದಲ್ಲಿ ಮೊದಲೇ ಬಹಿರಂಗವಾಗಿ ಬಳಕೆಯಲ್ಲಿದ್ದದ್ದಕ್ಕೆ ಪೇಟೆಂಟ್ ಕೊಡಬಾರದೆಂಬುದು ತಕರಾರಿನ ಆಧಾರಗಳಲ್ಲಿ ಒಂದು. ಯಾವ ಕೊಳವೆ ಎಲ್ಲಿ ಮಡಿಚುತ್ತದೆ, ಯಾವ ‘ಹೊಸತು’ ಹತ್ತು ವರ್ಷದ ಹಿಂದೆಯೇ ಎಂಡೋಸ್ಕೋಪಿ ಕೋಣೆಯಲ್ಲಿತ್ತು ಎಂಬುದು ಸ್ಕೋಪ್ ಹಿಡಿಯುವವರಿಗೂ, ಅದನ್ನು ತೊಳೆದು ಸೋರಿಕೆ ಪರೀಕ್ಷೆ ಮಾಡುವ ತಂತ್ರಜ್ಞರಿಗೂ ಗೊತ್ತು. ಆ ತಿಳಿವು ಚೆನ್ನೈನ ಪರೀಕ್ಷಕನ ಮೇಜಿಗೆ ತಲುಪುತ್ತಿಲ್ಲ. ಅರ್ಜಿಗಳು 18 ತಿಂಗಳ ನಂತರ ಪ್ರಕಟವಾಗುತ್ತವೆ, ಯಾರು ಬೇಕಾದರೂ ಓದಬಹುದು. ಜಠರ ಮತ್ತು ಕರುಳು ತಜ್ಞರ ಸಂಘಗಳು ಸಮ್ಮೇಳನಗಳಲ್ಲಿ ಹೊಸ ಸ್ಕೋಪಿನ ಪ್ರದರ್ಶನಕ್ಕೆ ಕೊಡುವ ಸಮಯದಲ್ಲಿ ಒಂದಿಷ್ಟನ್ನು ಆ ಸ್ಕೋಪಿನ ಅರ್ಜಿ ಓದಲು ಕೊಡಲಿ. ಕಂಪನಿಯ ಮಳಿಗೆಯಲ್ಲಿ ಕೊಳವೆಯನ್ನು ಬಗ್ಗಿಸಿ ನೋಡಿ ತಲೆದೂಗುವ ವೈದ್ಯರು, ಅದರ ಕ್ಲೇಮನ್ನೂ ಒಮ್ಮೆ ಬಗ್ಗಿಸಿ ನೋಡಬೇಕು. ಮುರಿಯುವಂತಿದ್ದರೆ ಕಂಟ್ರೋಲರಿಗೆ ಬರೆಯಬೇಕು.