ಪತ್ತೆಹಚ್ಚುವುದೂ ಕಂಡುಹಿಡಿಯುವುದೂ

ನೆಪ್ಚೂನ್ ಗ್ರಹದ ಕಥೆಯನ್ನು ಕನ್ನಡದಲ್ಲಿ ಹೇಳಹೊರಟವರಿಗೆ ಮೂರು ಕ್ರಿಯಾಪದಗಳು ಬೇಕಾಗುತ್ತವೆ. 1612ರ ಡಿಸೆಂಬರಿನಲ್ಲಿ ಗೆಲಿಲಿಯೋ ಅದನ್ನು ದೂರದರ್ಶಕದಲ್ಲಿ ಕಂಡನು. ನಕ್ಷತ್ರವೆಂದು ಗುರುತುಹಾಕಿಕೊಂಡು ಮುಂದೆ ಸಾಗಿದನು. 1846ರಲ್ಲಿ ಫ್ರಾನ್ಸಿನ ಲೆವೆರಿಯೆ, ಯುರೇನಸ್ಸಿನ ಚಲನೆಯಲ್ಲಿ ತೋರಿದ ವ್ಯತ್ಯಾಸದಿಂದ ಲೆಕ್ಕಮಾಡಿ, ಕಣ್ಣಿಗೆ ಬೀಳದ ಗ್ರಹವೊಂದರ ನೆಲೆಯನ್ನು ಪತ್ತೆಹಚ್ಚಿದನು. ಅದೇ ವರ್ಷ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನ ಗಾಲೆ, ಆ ನೆಲೆಯಿಂದ 1 ಡಿಗ್ರಿಯೊಳಗೇ ಅದನ್ನು ಕಂಡುಹಿಡಿದನು. ಗೆಲಿಲಿಯೋ ಕಂಡನು, ಆದರೆ ಹಿಡಿಯಲಿಲ್ಲ!

'ಕಂಡುಹಿಡಿ' ಎಂಬುದು 'ಕಾಣ್', 'ಪಿಡಿ' ಎಂಬ ಎರಡು ಹಳೆಯ ಧಾತುಗಳ ಕೂಟ. ತಮಿಳಿನ 'ಕಂಡುಪಿಡಿ' ಇದರ ಸೋದರ. ತೆಲುಗಿನ 'ಕನುಗೊನು' ಎಂದರೆ ಕಂಡುಕೊಳ್ಳುವುದು. ಡಚ್ಚರ 'ಒಂಟ್‌ಡೆಕೆನ್' ಎಂಬ ಕೂಡುಕ್ರಿಯಾಪದಕ್ಕೆ ಮೂಲದಲ್ಲಿ ಹೊದಿಕೆ ತೆಗೆಯುವುದೆಂದಷ್ಟೇ ಅರ್ಥ. ಹೊದಿಕೆ ಸರಿದ ಮೇಲೆ ಕೈಗೆ ಹಿಡಿಯುವ ಕೆಲಸವನ್ನೂ ನಮ್ಮ ಮಾತು ಸೇರಿಸಿಕೊಂಡಿದೆ.

'ಪತ್ತೆಹಚ್ಚು' ಎಂಬುದರ ಹುಟ್ಟು ಬೇರೆ. ಅದನ್ನು ಅರಿಯಬೇಕಾದರೆ ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಂಥ ಊರಿಗೆ ಹೋಗಬೇಕು. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದುಗಳು ಒಂದೇ ಸಂತೆಯಲ್ಲಿ ವ್ಯವಹರಿಸುತ್ತವೆ. ಮರಾಠಿಯಲ್ಲಿ 'ಪತ್ತಾ ಲಾಗಲಾ' ಎಂದರೆ ಸುಳಿವು ಸಿಕ್ಕಿತು. 'ಪತ್ತಾ ಲಾವಲಾ' ಎಂದರೆ ಸುಳಿವು ಹಿಡಿದರು. ಉರ್ದುವಿನಲ್ಲಿಯೂ 'ಪತಾ ಲಗ್ನಾ', 'ಪತಾ ಲಗಾನಾ' ಎಂಬ ಜೋಡಿಯುಂಟು. ಕನ್ನಡವು ನಾಮಪದವನ್ನು ಕಡ ತಂದಿತು, ಕ್ರಿಯಾಪದವನ್ನು ಮಾತ್ರ ತನ್ನ ಮನೆಯಿಂದಲೇ ಒದಗಿಸಿತು: ಪತ್ತೆ ಹತ್ತಿತು, ಪತ್ತೆ ಹಚ್ಚಿದರು. ಬೆಂಕಿ ಹತ್ತಿತು, ಬೆಂಕಿ ಹಚ್ಚಿದರು ಎನ್ನುವಾಗಲೂ ಇದೇ ಹತ್ತು-ಹಚ್ಚು. ನೆರೆಯ ಅಚ್ಚಿನಲ್ಲಿ ನಮ್ಮ ಲೋಹವನ್ನು ಎರೆದದ್ದೆಂದು ನಮ್ಮ ಎಣಿಕೆ.

ಇಂಥ ಮಾತು ಬೆರಕೆಯದು, ಶಾಸ್ತ್ರಕ್ಕೆ ಒಗ್ಗದು ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ 'ಆವಿಷ್ಕಾರ'ವೇ ಬೇಕು. ಅದು ಇರಲಿ, ಬೇಡವೆನ್ನುವವರು ನಾವಲ್ಲ. ಆದರೆ ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಆಡುವ ಗಡಿಯ ಹುಡುಗನಿಗೆ 'ಪತ್ತೆ' ಎರಡೂ ಕಡೆ ಪರಿಚಿತವಾದ ಮಾತು. ಲೆವೆರಿಯೆ ಲೇಖನಿಯಿಂದ ಮಾಡಿದ ಕೆಲಸವೇನು, ಗಾಲೆ ದೂರದರ್ಶಕದಿಂದ ಮಾಡಿದ ಕೆಲಸವೇನು ಎಂಬ ಭೇದ ಅವನಿಗೆ ಈ ಎರಡು ಕ್ರಿಯಾಪದಗಳಿಂದಲೇ ಹೊಳೆಯುತ್ತದೆ. ಇಬ್ಬರೂ 'ಆವಿಷ್ಕರಿಸಿದರು' ಎಂದು ಬಾಯಿಪಾಠ ಮಾಡಿದವನಿಗೆ ಅದು ಹೊಳೆಯುವುದೇ? ಉತ್ತರಪತ್ರಿಕೆಯಲ್ಲಿ 'ಪತ್ತೆಹಚ್ಚಿದನು' ಎಂದು ಬರೆದ ವಿದ್ಯಾರ್ಥಿಯ ಅಂಕ ಕಳೆಯುವುದು ನಮಗೆ ಸರಿಕಾಣದು.