ಹಳೆಯ ಗೇಮ್‌ಗಳಿಗೂ ಗ್ರಂಥಾಲಯದಲ್ಲಿ ಜಾಗ ಬೇಕು

ನಾಗಪುರದಲ್ಲಿ ಒಂದು ಪುಸ್ತಕ ಪ್ರಕಟವಾದರೆ, ಅದು ಮರಾಠಿಯದ್ದಿರಲಿ ಕನ್ನಡದ್ದಿರಲಿ, ಪ್ರಕಾಶಕರು 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಸಾರ್ವಜನಿಕ ಗ್ರಂಥಾಲಯಗಳಿಗೂ ಸ್ವಂತ ಖರ್ಚಿನಲ್ಲಿ ಒಂದೊಂದು ಪ್ರತಿ ಕಳುಹಿಸಬೇಕು. 1954ರಿಂದ ಇದು ಕಾನೂನು. ಅದೇ ಊರಿನಲ್ಲೋ, 1997ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಆರಂಭವಾದ ಬೆಂಗಳೂರಿನಲ್ಲೋ ಒಂದು ಕಂಪ್ಯೂಟರ್ ಗೇಮ್ ತಯಾರಾದರೆ ಅದರ ಪ್ರತಿ ಎಲ್ಲಿಗೂ ಹೋಗಬೇಕಿಲ್ಲ. ಧ್ರುವ ಕಂಪನಿಯೇ ಮೊದಲು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಪಾಲಾಗಿ, 2019ರಲ್ಲಿ ರಾಕ್‌ಸ್ಟಾರ್ ಕೈಸೇರಿತು. ಕಂಪನಿಗಳು ಹೀಗೆ ಕೈ ಬದಲಾಗುತ್ತಲೇ ಇರುತ್ತವೆ. ಅವುಗಳ ಹಳೆಯ ಕೆಲಸವನ್ನು ಕಾಯುವುದು ಕಂಪನಿಗಳಿಗಿಂತ ಹೆಚ್ಚಾಗಿ ಸಮಾಜದ ಹೊಣೆ. ಆ ಹೊಣೆ ಹೊರಲು ಗ್ರಂಥಾಲಯ ಮುಂದೆ ಬಂದರೂ ನಮ್ಮ ಕಾನೂನು ಅಡ್ಡ ನಿಲ್ಲುತ್ತದೆ ಎಂಬುದೇ ವಿಪರ್ಯಾಸ.

ಸೀಡಿ ಚೆನ್ನಾಗಿದ್ದ ಮಾತ್ರಕ್ಕೆ ಗೇಮ್ ಉಳಿಯಿತು ಎಂದಲ್ಲ. ಡಾಸ್ ಮತ್ತು ವಿಂಡೋಸ್ 3.1 ಕಾಲದ 16 ಬಿಟ್ ಪ್ರೋಗ್ರಾಂಗಳನ್ನು 64 ಬಿಟ್ ವಿಂಡೋಸ್ ಓಡಿಸುವುದೇ ಇಲ್ಲ. ವಿಂಡೋಸ್ 10ರ 32 ಬಿಟ್ ಆವೃತ್ತಿಯಲ್ಲಿ ಆ ಸೌಲಭ್ಯ ಉಳಿದಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ತೊಂಬತ್ತರ ದಶಕದ ಕೊನೆಯ ಎಷ್ಟೋ ಗೇಮ್‌ಗಳ ಪಾಡು ಇನ್ನೂ ವಿಚಿತ್ರ. ಗೇಮ್ 32 ಬಿಟ್ ಆಗಿದ್ದರೂ ಅದನ್ನು ಇನ್‌ಸ್ಟಾಲ್ ಮಾಡುವ ಪುಟ್ಟ ಪ್ರೋಗ್ರಾಂ 16 ಬಿಟ್‌ನದು. ಓಡಬಲ್ಲ ಗೇಮ್ ಸೀಡಿಯಿಂದ ಹೊರಗೇ ಬರುವುದಿಲ್ಲ. ಇದರ ಮೇಲೆ ಸೇಫ್‌ಡಿಸ್ಕ್‌ನಂಥ ನಕಲು ತಡೆಯುವ ಬೀಗಗಳಿವೆ. ಸೇಫ್‌ಡಿಸ್ಕ್‌ನ ಡ್ರೈವರ್‌ನಲ್ಲಿ ಭದ್ರತಾ ದೋಷವಿದ್ದುದರಿಂದ 2015ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 10ರಲ್ಲಿ ಅದಕ್ಕೆ ಬೆಂಬಲ ನಿಲ್ಲಿಸಿತು. ಪರಿಣಾಮವಾಗಿ, ದುಡ್ಡು ಕೊಟ್ಟು ತಂದ ಅಸಲಿ ಸೀಡಿ ಓಡದು, ಬೀಗ ಮುರಿದ ಕಳ್ಳ ಪ್ರತಿ ಸರಾಗವಾಗಿ ಓಡುತ್ತದೆ.

ಪರಿಹಾರ ಗೊತ್ತಿಲ್ಲದ್ದೇನಲ್ಲ. 2002ರಿಂದ ಇರುವ ಡಾಸ್‌ಬಾಕ್ಸ್ ಎಂಬ ಪ್ರೋಗ್ರಾಂ ಹಳೆಯ ಕಂಪ್ಯೂಟರಿನ ಪ್ರೊಸೆಸರ್, ಸೌಂಡ್ ಕಾರ್ಡ್, ವೇಗ ಎಲ್ಲವನ್ನೂ ಅನುಕರಿಸುತ್ತದೆ. 'ಡೂಮ್' ಗೇಮ್‌ನ ಸೋರ್ಸ್ ಕೋಡ್ 1997ರಲ್ಲೇ ಬಹಿರಂಗವಾದ್ದರಿಂದ ಅದು ಇಂದು ಯಾವ ಯಂತ್ರದಲ್ಲಾದರೂ ಓಡುತ್ತದೆ ಎನ್ನುವಷ್ಟರ ಮಟ್ಟಿಗೆ ಹರಡಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯೂ ಖರೀದಿದಾರನ ಮಟ್ಟಿಗೆ ಉದಾರವಾಗಿಯೇ ಇದೆ. ಪ್ರೋಗ್ರಾಂ ಯಾವ ಉದ್ದೇಶಕ್ಕೆ ಮಾರಾಟವಾಯಿತೋ ಆ ಬಳಕೆಗಾಗಿ ಪ್ರತಿ ಮಾಡಿಕೊಳ್ಳಲು, ಮಾರ್ಪಡಿಸಿಕೊಳ್ಳಲು 52ನೇ ಕಲಂ ಅವಕಾಶ ಕೊಡುತ್ತದೆ. ತೊಡಕಿರುವುದು ಗ್ರಂಥಾಲಯಗಳ ವಿಷಯದಲ್ಲಿ. 2012ರ ತಿದ್ದುಪಡಿಯ ಪ್ರಕಾರ, ಸಾರ್ವಜನಿಕ ಗ್ರಂಥಾಲಯವೊಂದು ಸಂರಕ್ಷಣೆಗಾಗಿ ಕೃತಿಯ ಡಿಜಿಟಲ್ ಪ್ರತಿ ಇಟ್ಟುಕೊಳ್ಳಬೇಕಾದರೆ ಅದರ ಬಳಿ ಮೊದಲೇ ಡಿಜಿಟಲ್ ಅಲ್ಲದ ಪ್ರತಿ ಇರಬೇಕು. ಕಾಗದದ ಪುಸ್ತಕಕ್ಕೆ ಇದು ಹೊಂದುತ್ತದೆ. ಹುಟ್ಟಿನಿಂದಲೇ ಡಿಜಿಟಲ್ ಆದ ಗೇಮ್‌ಗೆ ಅಂಥ ಪ್ರತಿ ಎಲ್ಲಿಂದ ಬರಬೇಕು?

ಆಟದ ಸಾಮಾನಿಗೆ ಇಷ್ಟೆಲ್ಲ ಕಾನೂನು ಏಕೆ ಎಂದು ಕೇಳಬಹುದು. ಆದರೆ ತೊಂದರೆ ಆಟಕ್ಕಷ್ಟೇ ಸೀಮಿತವಲ್ಲ. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಕಡತ ಆ ಫಾಂಟ್ ಇಲ್ಲದೆ ತೆರೆದರೆ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಕಾಯಿಲೆ ಅದೇ. ಚಿತ್ರ, ಶಬ್ದ, ವೇಗ ಮೂರೂ ಸರಿಹೊಂದಬೇಕಾದ ಗೇಮ್ ಅನ್ನು ಓಡಿಸಬಲ್ಲ ಸಂಸ್ಥೆಗೆ ಹಳೆಯ ಕಡತ ತೆರೆಯುವುದು ಕಷ್ಟವಾಗದು. ಹಕ್ಕುದಾರರ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ ಎಂಬ ಆಕ್ಷೇಪ ಇನ್ನೂ ಗಂಭೀರವಾದದ್ದು. ಜಿಓಜಿಯಂಥ ಆನ್‌ಲೈನ್ ಮಳಿಗೆಗಳು ಹಳೆಯ ಗೇಮ್‌ಗಳನ್ನು ಡಾಸ್‌ಬಾಕ್ಸ್ ಸಮೇತ ಮಾರಿ ದುಡಿಯುತ್ತಿರುವುದೂ ನಿಜ. ಆದರೆ ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಿಡುಗಡೆಯಾದ ಗೇಮ್‌ಗಳಲ್ಲಿ ಶೇ 87ರಷ್ಟು ಈಗ ಮಾರಾಟದಲ್ಲೇ ಇಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಹಾಕಿತು. ಮಾರಾಟದಲ್ಲೇ ಇಲ್ಲದ ಸರಕಿಗೆ ನಷ್ಟವೆಲ್ಲಿ? ಹಕ್ಕುದಾರರು ಮತ್ತೆ ಮಾರಲು ಬಂದರೆ ಗ್ರಂಥಾಲಯದ ಪ್ರತಿಯನ್ನು ಅಲ್ಲಿಯೇ ಕೂತು ನೋಡುವವರಿಗೆ ಸೀಮಿತಗೊಳಿಸಿದರಾಯಿತು.

ಹಳೆಯ ಕೋಡನ್ನು ಮೈಕ್ರೋಸಾಫ್ಟ್ ಶಾಶ್ವತವಾಗಿ ಹೊತ್ತುಕೊಂಡಿರಲಿ ಎಂದು ಯಾರೂ ಕೇಳಬೇಕಿಲ್ಲ. ದೋಷವಿದ್ದ ಡ್ರೈವರ್ ತೆಗೆದದ್ದು ಸರಿಯೇ. ಕೇಳಬೇಕಾದದ್ದು ಎರಡು. ಗ್ರಂಥಾಲಯಗಳಿಗಿರುವ 'ಡಿಜಿಟಲ್ ಅಲ್ಲದ ಪ್ರತಿ'ಯ ಷರತ್ತನ್ನು ಸಂಸತ್ತು ತೆಗೆದುಹಾಕಲಿ. 1954ರ ಕಾಯ್ದೆಯನ್ನು ಸಾಫ್ಟ್‌ವೇರ್‌ಗೂ ವಿಸ್ತರಿಸಿ, ಭಾರತದಲ್ಲಿ ತಯಾರಾದ ಪ್ರತಿ ಗೇಮ್‌ನ ಬೀಗವಿಲ್ಲದ ಒಂದು ಪ್ರತಿಯನ್ನು ಜಮೆ ಮಾಡಿಸಲಿ. 1863ರಲ್ಲೇ ಅಜಬ್ ಬಂಗ್ಲಾ ಎಂಬ ವಸ್ತುಸಂಗ್ರಹಾಲಯ ಕಟ್ಟಿಕೊಂಡ ನಾಗಪುರದಂಥ ಊರುಗಳಿಗೆ ಕಾಪಾಡುವ ಕೆಲಸ ಹೊಸದಲ್ಲ, ಕಾನೂನಿನ ಅನುಮತಿಯೊಂದು ಸಿಗಬೇಕಷ್ಟೆ.