ರೈಲು ನಿಲ್ಲಿಸಿದ ಲೆಕ್ಕವೂ ಬೇಕು



ಕೋವಿಡ್ ಕಾಲದ ಅವ್ಯವಹಾರಗಳ ತನಿಖೆಗೆಂದು ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಜಾನ್ ಮೈಕಲ್ ಡಿ'ಕುನ್ಹಾ ಆಯೋಗವನ್ನು ನೇಮಿಸಿತು. 2024ರ ಆಗಸ್ಟ್ 31ರಂದು ಮಧ್ಯಂತರ ವರದಿ ಬಂದಾಗಿನಿಂದ ಪಿಪಿಇ ಕಿಟ್‌ಗಳ ದರ, ಔಷಧಿಗಳ ಟೆಂಡರ್, ವಸೂಲಾಗಬೇಕಾದ ಕೋಟಿಗಳ ಮೇಲೆ ಆಡಳಿತ ಮತ್ತು ವಿರೋಧ ಪಕ್ಷಗಳು ವಾಗ್ವಾದ ನಡೆಸುತ್ತಲೇ ಬಂದಿವೆ. ಜನರ ಹಣ ಪೋಲಾಗಿದ್ದರೆ ಅದರ ಲೆಕ್ಕ ಬೇಕೇ ಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಕೋವಿಡ್‌ನ ಮೊದಲ ವಾರಗಳಲ್ಲಿ ಆಗಿನ ಸರ್ಕಾರ ಸಾಮಗ್ರಿ ಕೊಳ್ಳುವುದರ ಜೊತೆಗೆ ಜನರ ದುಡಿಮೆ, ಕೂಲಿ, ಓಡಾಟದ ಬಗ್ಗೆಯೂ ನಿರ್ಧಾರಗಳನ್ನು ತೆಗೆದುಕೊಂಡಿತು. ಅವುಗಳಲ್ಲಿ ಅತ್ಯಂತ ಗಂಭೀರವಾದದ್ದು 2020ರ ಮೇ 5ರಂದು ವಲಸೆ ಕಾರ್ಮಿಕರ ರೈಲುಗಳನ್ನು ನಿಲ್ಲಿಸಿದ್ದು. ಅದಕ್ಕೆ ಬಿಲ್ ಇಲ್ಲ, ಟೆಂಡರ್ ಇಲ್ಲ. ಹಾಗಾಗಿಯೇ ಅದು ಯಾರ ತನಿಖೆಗೂ ಸಿಕ್ಕಿಲ್ಲ. ಅದರ ವಿಚಾರಣೆಯೂ ಆಗಬೇಕು ಎಂಬುದೇ ಈ ಪತ್ರದ ಒತ್ತಾಯ.

ನಡೆದದ್ದನ್ನು ನೆನಪಿಸಿಕೊಳ್ಳೋಣ. ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆಯಾದ ಲಾಕ್‌ಡೌನ್ ನಾಲ್ಕೇ ಗಂಟೆಗಳಲ್ಲಿ ಜಾರಿಗೆ ಬಂತು. ಕೆಲಸ ನಿಂತರೂ ಕೂಲಿ ಕಡಿತ ಮಾಡಬಾರದು, ತಿಂಗಳ ಮಟ್ಟಿಗೆ ಬಾಡಿಗೆ ಕೇಳಬಾರದು ಎಂದು ಕೇಂದ್ರ ಗೃಹ ಸಚಿವಾಲಯ ಮಾರ್ಚ್ 29ರಂದು ಆದೇಶ ಹೊರಡಿಸಿತು. ಆ ಆದೇಶದ ಗತಿ ಏನಾಯಿತು ಎಂಬುದಕ್ಕೆ ಏಪ್ರಿಲ್ ಮಧ್ಯದಲ್ಲಿ 'ಸ್ವಾನ್' ಎಂಬ ಸ್ವಯಂಸೇವಕರ ಜಾಲ ಪ್ರಕಟಿಸಿದ ವರದಿಯೇ ಸಾಕ್ಷಿ. ದೇಶದ ನಾನಾ ಕಡೆ ಸಿಕ್ಕಿಬಿದ್ದಿದ್ದ, ಆ ಜಾಲವನ್ನು ಸಂಪರ್ಕಿಸಿದ 11,159 ಕಾರ್ಮಿಕರಲ್ಲಿ ಶೇ 89ರಷ್ಟು ಮಂದಿಗೆ ಲಾಕ್‌ಡೌನ್ ಅವಧಿಯ ಕೂಲಿ ಬಂದಿರಲಿಲ್ಲ, ಶೇ 96ರಷ್ಟು ಮಂದಿಗೆ ಸರ್ಕಾರದ ಪಡಿತರ ಸಿಕ್ಕಿರಲಿಲ್ಲ. ಮೇ 1ರಿಂದ ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ್ ರೈಲುಗಳು ಶುರುವಾದವು. ಮೇ 3ರಂದು ಬೆಂಗಳೂರಿನ ಚಿಕ್ಕಬಾಣಾವರದಿಂದ ಭುವನೇಶ್ವರಕ್ಕೆ ರೈಲು ಹೊರಟಿತು. ಮೇ 5ರಂದು ಆಗಿನ ಮುಖ್ಯಮಂತ್ರಿಗಳು ಬಿಲ್ಡರುಗಳ ಪ್ರತಿನಿಧಿಗಳ ಜೊತೆ ಸಭೆ ನಡೆಸಿದರು. ಅಂದೇ ರಾಜ್ಯ ಸರ್ಕಾರ, ಮರುದಿನದಿಂದ ರೈಲುಗಳು ಬೇಡವೆಂದು ನೈರುತ್ಯ ರೈಲ್ವೆಗೆ ಪತ್ರ ಬರೆಯಿತು.

ಈ ಪತ್ರದ ಪರಿಣಾಮ ತಿಳಿಯಬೇಕಾದರೆ ಬೆಂಗಳೂರಿನ ಪೂರ್ವ ಭಾಗದಲ್ಲಿ ಕಟ್ಟಡದ ಕೂಲಿ ಹೇಗೆ ಬಟವಾಡೆಯಾಗುತ್ತದೆ ಎಂಬುದನ್ನು ಗಮನಿಸಬೇಕು. ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗೆ ಸೈಟಿನ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಬಿಹಾರ, ಒಡಿಶಾ, ಬಂಗಾಳ, ಜಾರ್ಖಂಡ್‌ಗಳಿಂದ ಬಂದ ಸೆಂಟ್ರಿಂಗ್, ಬಾರ್‌ಬೆಂಡಿಂಗ್, ಗಾರೆ ಕೆಲಸದವರು ಇರುತ್ತಾರೆ. ಅವರ ಮೇಲಿನ ಸರಪಳಿ ಹೀಗಿದೆ: ಬಿಲ್ಡರ್, ಅವನ ಕೆಳಗೆ ಗುತ್ತಿಗೆದಾರ, ಅವನ ಕೆಳಗೆ ಲೇಬರ್ ಕಂಟ್ರಾಕ್ಟರ್, ಕೊನೆಗೆ ಮೇಸ್ತ್ರಿ. ಸಾಮಾನ್ಯವಾಗಿ ವಾರಕ್ಕೊಮ್ಮೆ ಕೈಖರ್ಚಿಗೆಂದು ಒಂದಿಷ್ಟು ಹಣ ಕೈಗೆ ಬರುತ್ತದೆ. ಉಳಿದ ಕೂಲಿ ಮೇಸ್ತ್ರಿಯ ಪುಸ್ತಕದಲ್ಲಿ ಬಾಕಿಯಾಗಿ ನಿಂತು, ಕಾರ್ಮಿಕ ಊರಿಗೆ ಹೊರಡುವ ದಿನ ಚುಕ್ತಾ ಆಗುತ್ತದೆ. ಅಂದರೆ, ದುಡಿದ ಹಣವನ್ನು ವಸೂಲು ಮಾಡಿಕೊಳ್ಳಲು ಅವನ ಕೈಯಲ್ಲಿರುವುದು ಒಂದೇ ಒಂದು ಮಾತು: 'ನಾನು ಊರಿಗೆ ಹೋಗುತ್ತೇನೆ'. ರೈಲು ನಿಲ್ಲಿಸಿದ ಸರ್ಕಾರ ಆ ಮಾತಿನ ಬಲವನ್ನೇ ಕಿತ್ತುಕೊಂಡಿತು. ಕೂಲಿ ಬಾಕಿ ಉಳಿಸಿಕೊಂಡವನ ಮೇಲೆ ಕ್ರಮ ಜರುಗಿಸದೆ, ಬಾಕಿ ಬರಬೇಕಾದವನ ದಾರಿಯನ್ನು ಮುಚ್ಚಿತು. ಆಗ ಜಾರಿಯಲ್ಲಿದ್ದ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ಪ್ರಕಾರ, ಪ್ರತಿ ಕಾರ್ಮಿಕನಿಗೂ ಪಾಸ್‌ಬುಕ್ ಕೊಡುವುದು, ಊರಿಂದ ಬರುವ ಮತ್ತು ಊರಿಗೆ ಮರಳುವ ಪ್ರಯಾಣದ ವೆಚ್ಚ ಭರಿಸುವುದು ಗುತ್ತಿಗೆದಾರನ ಹೊಣೆಯಾಗಿತ್ತು. ಮೇ 5ರಂದು ಬಿಲ್ಡರುಗಳನ್ನು ಎದುರಿಗೆ ಕೂರಿಸಿಕೊಂಡಿದ್ದಾಗ ಈ ಕಾಯ್ದೆಯ ಪ್ರಸ್ತಾಪ ಬಂದಿತ್ತೇ? ಅಂದಿನ ಸಭೆಯ ನಡಾವಳಿ ಹೊರಬಂದರೆ ತಿಳಿಯುತ್ತದೆ.

ಸೋಂಕು ಹಳ್ಳಿಗಳಿಗೆ ಹರಡಬಾರದೆಂದು ಜನರನ್ನು ಇದ್ದಲ್ಲೇ ಇರಿಸಿದರು ಎನ್ನುವವರಿದ್ದಾರೆ. ಈ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದೇ ಕಾರಣವಾಗಿದ್ದರೆ ಮೊದಲ ರೈಲುಗಳೂ ಹೊರಡಬಾರದಿತ್ತು. ಆ ರೈಲುಗಳಿಗೆ ತಪಾಸಣೆಯಿತ್ತು, ಪಟ್ಟಿಯಿತ್ತು, ಆಸನಗಳ ನಡುವೆ ಅಂತರವಿತ್ತು. ಇನ್ನೊಂದೆಡೆ ಮೇ 4ರಂದು ರಾಜ್ಯದಲ್ಲಿ ಮದ್ಯದಂಗಡಿಗಳು ತೆರೆದವು. ಮೇ 5ರ ಒಂದೇ ದಿನದ ವಹಿವಾಟು ₹197 ಕೋಟಿ ಎಂದು ಆಗಲೇ ವರದಿಯಾಗಿತ್ತು. ಆ ಅಂಗಡಿಗಳ ಮುಂದೆ ಉದ್ದುದ್ದ ಸಾಲುಗಳಿಗೆ ಅವಕಾಶ ಕೊಟ್ಟ ದಿನವೇ ರೈಲಿಗೆ ಸೋಂಕಿನ ಕಾರಣ ಹೇಳುವುದು ಒಪ್ಪುವಂಥದ್ದಲ್ಲ. ಸರ್ಕಾರವೂ ಆಗ ಮುಖ್ಯವಾಗಿ ಹೇಳಿದ್ದು, ನಿರ್ಮಾಣ ಕಾಮಗಾರಿ ಮತ್ತೆ ಶುರುವಾಗುತ್ತಿದೆ, ಕಾರ್ಮಿಕರು ಅನಗತ್ಯವಾಗಿ ಊರಿಗೆ ಹೋಗುವುದು ಬೇಡ ಎಂದು.

ಇದಕ್ಕಿಂತ ತೂಕದ ವಾದ ಆರ್ಥಿಕತೆಯದು. ಕಾಮಗಾರಿ ನಿಂತರೆ ಸಿಮೆಂಟು, ಕಬ್ಬಿಣ, ಲಾರಿ, ಬ್ಯಾಂಕಿನ ಕಂತು ಎಲ್ಲವೂ ನಿಲ್ಲುತ್ತವೆ. ಕೊನೆಗೆ ನಷ್ಟ ಕಾರ್ಮಿಕನಿಗೇ. ನಿಜ. ಬೈಯಪ್ಪನಹಳ್ಳಿಯಿಂದ ವೈಟ್‌ಫೀಲ್ಡ್‌ಗೆ ಹೋಗುವ ಮೆಟ್ರೊ ಮಾರ್ಗವೂ ಆಗ ಇಂಥ ಕೈಗಳಿಂದಲೇ ಮೇಲೇಳುತ್ತಿತ್ತು. ಹಾಗಿದ್ದರೆ ಅವರು ಉಳಿಯುವಂತೆ ಮಾಡುವ ದಾರಿ ಸರಳವಾಗಿತ್ತು: ಆರು ವಾರಗಳ ಬಾಕಿ ಕೂಲಿಯನ್ನು ಸೈಟಿನಲ್ಲೇ ಅಧಿಕಾರಿಗಳ ಎದುರು ಬಟವಾಡೆ ಮಾಡಿಸುವುದು, ಶೆಡ್ಡಿಗೆ ರೇಷನ್ ತಲುಪಿಸುವುದು, ಆಮೇಲೂ ಹೋಗುತ್ತೇನೆಂದವರಿಗೆ ಟಿಕೆಟ್ ಕೊಡುವುದು. ಹೋಗುವ ದಾರಿ ತೆರೆದಿದ್ದೂ ಉಳಿದರೆ ಅದು ಒಪ್ಪಿಗೆ. ಆ ದಾರಿಯನ್ನು ಮುಚ್ಚಿ ಉಳಿಸಿಕೊಂಡರೆ ಅದು ಜೀತಕ್ಕೆ ಹತ್ತಿರದ್ದು. ಈ ಪದವನ್ನು ತಿಳಿದೇ ಬಳಸುತ್ತಿದ್ದೇನೆ.

ಎರಡೇ ದಿನಗಳಲ್ಲಿ ಸರ್ಕಾರ ನಿರ್ಧಾರ ಬದಲಿಸಿತಲ್ಲ, ಈಗೇಕೆ ಕೆದಕಬೇಕು ಎಂದೂ ಕೇಳಬಹುದು. ಟೀಕೆಯ ಒತ್ತಡಕ್ಕೆ ರೈಲುಗಳು ಮತ್ತೆ ಹೊರಟವು, ಬೆಂಗಳೂರಿನ ಪೂರ್ವಕ್ಕಿರುವ ಮಾಲೂರಿನಿಂದಲೂ. ಆದರೆ ಸರ್ಕಾರ ಯಾವ ಕ್ಷಣದಲ್ಲಾದರೂ ರೈಲು ನಿಲ್ಲಿಸಬಹುದು ಎಂದು ತಿಳಿದವರು ಇನ್ನು ಕಾಯುವುದು ಬೇಡವೆಂದು ಹೆದ್ದಾರಿ ಹಿಡಿದು ನಡೆದರು. ಉಳಿದವರು ಪ್ರಯಾಣಕ್ಕೆ ನೋಂದಾಯಿಸಬೇಕಿದ್ದ ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ತುಂಬಲಾರದೆ ಪೊಲೀಸ್ ಠಾಣೆಗಳ ಮುಂದೆ ಕಾದರು. ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರೂ ಊರಿಗೆ ಹೋಗುವ ಅವಕಾಶದಿಂದ ವಂಚಿತರಾಗಬಾರದೆಂದು ಕರ್ನಾಟಕ ಹೈಕೋರ್ಟ್ ಹೇಳಬೇಕಾಯಿತು. ಕಾರ್ಮಿಕರಿಂದ ಪ್ರಯಾಣದರ ಪಡೆಯಕೂಡದೆಂದು ಸುಪ್ರೀಂ ಕೋರ್ಟ್ ಮೇ 28ರಂದು ಆದೇಶಿಸಿತು. ಅಷ್ಟರಲ್ಲಿ, ಮೇ 22ರಂದು, ರಾಜ್ಯ ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ ಹತ್ತು ಗಂಟೆ, ವಾರಕ್ಕೆ 60 ಗಂಟೆ ದುಡಿಸಲು ಅನುಮತಿ ಕೊಟ್ಟಿತ್ತು. ಅದನ್ನು ಜೂನ್ 11ರಂದು ಹಿಂಪಡೆಯಿತು. ಹಾಗಾಗಿ ಮೇ 5ರ ಪತ್ರವನ್ನು ಗಡಿಬಿಡಿಯಲ್ಲಿ ಆದ ಒಂಟಿ ತಪ್ಪು ಎಂದು ಬಿಟ್ಟುಬಿಡಲಾಗದು.

ಪರಿಹಾರ ಕೊಟ್ಟಿದ್ದಾರಲ್ಲ ಎಂಬ ಮಾತಿಗೂ ಉತ್ತರ ಹೇಳಬೇಕು. ರೈಲು ನಿಂತ ಮೇ 6ರಂದೇ ₹1,610 ಕೋಟಿಯ ಪ್ಯಾಕೇಜ್ ಘೋಷಣೆಯಾಯಿತು. 2.30 ಲಕ್ಷ ಕ್ಷೌರಿಕರಿಗೆ, 60 ಸಾವಿರ ಅಗಸರಿಗೆ, 7.75 ಲಕ್ಷ ಆಟೊ-ಟ್ಯಾಕ್ಸಿ ಚಾಲಕರಿಗೆ ತಲಾ ₹5,000. ಕಟ್ಟಡ ಕಾರ್ಮಿಕರಿಗೆ ಮೊದಲಿನ ₹2,000ದ ಜೊತೆಗೆ ಇನ್ನೂ ₹3,000. ಒಳ್ಳೆಯ ಕೆಲಸ. ಆದರೆ ಕಟ್ಟಡ ಕಾರ್ಮಿಕರ ಹಣ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ. ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ಪುರಾವೆ ಬೇಕು. ಸೈಟಿನಿಂದ ಸೈಟಿಗೆ ತಿರುಗುವ, ಮೇಸ್ತ್ರಿಯನ್ನು ಬಿಟ್ಟು ಬೇರೆ ಮಾಲೀಕನನ್ನೇ ಕಾಣದವನಿಗೆ ಅದಕ್ಕೆ ಯಾರು ಸಹಿ ಹಾಕಿಕೊಡುತ್ತಾರೆ? ಇಂದಿರಾನಗರದ ಮನೆಗೆಲಸದವರಿಗೆ, ರಸೆಲ್ ಮಾರುಕಟ್ಟೆಯ ಹಮಾಲರಿಗೆ ಆ ಪ್ಯಾಕೇಜಿನಲ್ಲಿ ಹೆಸರೇ ಇರಲಿಲ್ಲ. ಅವರ ಹೆಸರು ಬಂದದ್ದು 2021ರ ಮೇ ತಿಂಗಳ ಪ್ಯಾಕೇಜಿನಲ್ಲಿ, ಅದೂ ₹2,000ಕ್ಕೆ. ಅದೇ ಪ್ಯಾಕೇಜಿನಲ್ಲಿ ಚಾಲಕರ ಸಂಖ್ಯೆ 7.75 ಲಕ್ಷದಿಂದ 2.10 ಲಕ್ಷಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಚಾಲಕರು ಎಲ್ಲಿ ಹೋದರು? ಮೊದಲ ಅಂಕಿ ಅಂದಾಜಿನದೋ, ಅರ್ಜಿಯ ದಾರಿಯಲ್ಲಿ ಜನ ಕಳೆದುಹೋದರೋ? ಇದೂ ಸಾರ್ವಜನಿಕ ಹಣದ ಪ್ರಶ್ನೆಯೇ.

ಇದೇ ಬೆಂಗಳೂರಿಗೆ 1898ರಲ್ಲಿ ಪ್ಲೇಗ್ ಬಂದಾಗ ದಂಡು (ಕಂಟೋನ್ಮೆಂಟ್) ಪ್ರದೇಶದ ಆಡಳಿತ ಕರುಣೆಗೆ ಹೆಸರಾದುದೇನಲ್ಲ. ಆದರೂ ಜನ ಎಷ್ಟು ಇಕ್ಕಟ್ಟಿನಲ್ಲಿ ಬದುಕುತ್ತಿದ್ದಾರೆ ಎಂಬ ಪ್ರಶ್ನೆ ಆಗ ಎದ್ದಿತ್ತು. ಫ್ರೇಜರ್ ಟೌನ್ ರೂಪುಗೊಂಡದ್ದು ಅದರ ಫಲವಾಗಿ. ಚುನಾಯಿತ ಸರ್ಕಾರದಿಂದ ಅಷ್ಟನ್ನಾದರೂ ನಿರೀಕ್ಷಿಸಬಾರದೇ? ರೈಲು ನಿಲ್ಲಿಸಿದ್ದನ್ನು ಅಂದು ಖಂಡಿಸಿದ ಪಕ್ಷದ ಸರ್ಕಾರವೇ ಆಯೋಗವನ್ನು ನೇಮಿಸಿದೆ. ಹಾಗಾಗಿ ಕೋವಿಡ್ ಕಾಲದ ತನಿಖೆಗೆ ಈ ನಾಲ್ಕು ದಾಖಲೆಗಳನ್ನೂ ಸೇರಿಸಲಿ: ಮೇ 5ರ ಸಭೆಯ ನಡಾವಳಿ, ರೈಲ್ವೆಗೆ ಬರೆದ ಪತ್ರದ ಕಡತ, ಮಾರ್ಚ್ 29ರ ಆದೇಶದಂತೆ ಕೂಲಿ ಕೊಡದವರ ಮೇಲೆ ಕಾರ್ಮಿಕ ಇಲಾಖೆ ದಾಖಲಿಸಿದ ಪ್ರಕರಣಗಳ ಪಟ್ಟಿ, ಎರಡೂ ವರ್ಷಗಳ ಪ್ಯಾಕೇಜುಗಳ ಫಲಾನುಭವಿಗಳ ಪಟ್ಟಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ
ಹಲಸೂರು, ಬೆಂಗಳೂರು